ಕ್ರಾಪ್ ಸೆನ್ಸರ್ ಕ್ಯಾಮೆರಾಗೆ ಅಲ್ಟ್ರಾ ವೈಡ್ ಜೂಮ್: ಯಾರಿಗೆ ಯಾವುದು?

ಕ್ಯಾಮೆರಾ ಕೊಂಡಾಗ ಜೊತೆಗೆ ಬಂದ 18-55 ಎಂಎಂ ಲೆನ್ಸ್ (ಈ ಸಂಖ್ಯೆ ಕಡಿಮೆಯಾದಷ್ಟೂ ನೋಟ ಅಗಲ, ಅಂದರೆ ವೈಡ್) ಹಾಕಿಕೊಂಡು ಬೇಲೂರಿನ ಚೆನ್ನಕೇಶವನ ಗುಡಿಯ ನವರಂಗಕ್ಕೆ ಕಾಲಿಟ್ಟರೆ ಅದರ ಮಿತಿ ತಕ್ಷಣ ಗೊತ್ತಾಗುತ್ತದೆ. ನಡುವಿನ ಕಂಬಗಳು, ಅವುಗಳ ನೆತ್ತಿಯ ಮದನಿಕೆಯರು, ಮೇಲಿನ ಭುವನೇಶ್ವರಿ ಎಂಬ ಕೆತ್ತನೆಯ ಛಾವಣಿ, ಮೂರೂ ಒಂದೇ ಚಿತ್ರಕ್ಕೆ ಬರುವುದಿಲ್ಲ. ಹಿಂದೆ ಸರಿಯೋಣ ಎಂದರೆ ಬೆನ್ನಿಗೆ ಇನ್ನೊಂದು ಕಂಬ. ಮನೆಗೆ ಬಂದ ಮೇಲೆ ಹುಡುಕಾಟ ಶುರುವಾಗುತ್ತದೆ: 10-18 ಸಾಕಾ, 11-16 ಒಳ್ಳೆಯದಾ, ಎಫ್ 2.8 (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಬರುವ ಬೆಳಕು ಹೆಚ್ಚು) ಅಂತ ಅಷ್ಟು ದುಡ್ಡು ಸುರಿಯಬೇಕಾ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಮೂಲೆಗಳ ಶಾರ್ಪ್‌ನೆಸ್ ತೋರಿಸುವ ಟೆಸ್ಟ್ ಚಾರ್ಟುಗಳನ್ನು ನೋಡಿ ನೋಡಿ ಸುಸ್ತಾಗಿರುತ್ತಾರೆ. ಆ ಚಾರ್ಟುಗಳನ್ನು ಪಕ್ಕಕ್ಕಿಡಿ. ಇಲ್ಲಿ ಹೇಳುವ ಯಾವ ಲೆನ್ಸೂ ಎಫ್ 8ಕ್ಕೆ ಇಟ್ಟರೆ ನಿಮ್ಮನ್ನು ನಾಚಿಸುವಂಥ ಚಿತ್ರ ಕೊಡುವುದಿಲ್ಲ. ಆಯ್ಕೆ ನಿಂತಿರುವುದು ಎರಡು ವಿಷಯಗಳ ಮೇಲೆ. ಕೈಯಲ್ಲಿರುವ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಯಾವುದು? ಕತ್ತಲಲ್ಲಿ ನೀವು ತೆಗೆಯುವುದು ನಿಂತ ವಸ್ತುವನ್ನೋ, ಅಲುಗಾಡುವುದನ್ನೋ? ಉಳಿದದ್ದೆಲ್ಲ ಇದರ ಹಿಂದೆ.

ಮೊದಲು ಜೇಬಿನಲ್ಲಿರುವುದನ್ನು ಬಳಸಿ ನೋಡಿ

ಲೆನ್ಸ್ ಕೊಳ್ಳುವ ಮುಂಚೆ ಪುಕ್ಕಟೆಯಾಗಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಈಗಿನ ಹಲವು ಫೋನ್‌ಗಳಲ್ಲಿ 0.5 ಅಥವಾ 0.6 ಎಂಬ ಬಟನ್ ಇರುತ್ತದೆ. ಫುಲ್ ಫ್ರೇಮ್, ಅಂದರೆ ಹಳೆಯ 35 ಎಂಎಂ ಫಿಲ್ಮಿನ ಅಳತೆಯ ಸೆನ್ಸರಿನ ಲೆಕ್ಕದಲ್ಲಿ ಅದು ಸುಮಾರು 13ರಿಂದ 16 ಎಂಎಂ. ಅದಕ್ಕಿಂತ ಚಿಕ್ಕದಾದ ನಿಮ್ಮ ಕ್ರಾಪ್ ಸೆನ್ಸರ್ ಮೇಲೆ 10 ಎಂಎಂ ಹಾಕಿದರೆ ನಿಕಾನ್, ಸೋನಿ, ಫ್ಯೂಜಿಯಲ್ಲಿ ಒಂದೂವರೆ ಪಟ್ಟು, ಅಂದರೆ 15 ಎಂಎಂ; ಕೆನಾನ್‌ನಲ್ಲಿ 1.6 ಪಟ್ಟು, ಅಂದರೆ 16. ಹೆಚ್ಚುಕಡಿಮೆ ಅದೇ ನೋಟ. ಒಂದೆರಡು ವಾರ ಫೋನಿನಲ್ಲಿ ಆ ಬಟನ್ ಒಂದನ್ನೇ ಬಳಸಿ ಚಿತ್ರ ತೆಗೆಯಿರಿ. ಖಾಲಿ ಆಕಾಶ, ಖಾಲಿ ನೆಲ, ನಡುವೆ ಎಲ್ಲೋ ಪುಟ್ಟದಾಗಿ ಕುಳಿತ ಗುಡ್ಡ, ಇಷ್ಟೇ ಬರುತ್ತಿದ್ದರೆ ದುಡ್ಡು ಖರ್ಚು ಮಾಡಿದರೂ ಅದೇ ಬರುತ್ತದೆ.

ಜೋಗವನ್ನೇ ತೆಗೆದುಕೊಳ್ಳಿ. 253 ಮೀಟರ್ ಎತ್ತರದ ಜಲಪಾತ, ಆದರೆ ಎದುರಿನ ವೀಕ್ಷಣಾ ಸ್ಥಳದಿಂದ 10 ಎಂಎಂನಲ್ಲಿ ತೆಗೆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಚಿತ್ರದ ನಡುವೆ ನಾಲ್ಕು ಬಿಳಿ ಗೆರೆಗಳಾಗುತ್ತವೆ. ಅಲ್ಲಿ ನಿಮ್ಮ 18-55 ಸಾಕು, ಒಮ್ಮೊಮ್ಮೆ ಅದೂ ಹೆಚ್ಚು. ವಿಜಯಪುರದ ಗೋಲಗುಮ್ಮಟದ ಹೊರನೋಟಕ್ಕೂ ಹಾಗೆಯೇ; ಮುಂದೆ ಬೇಕಾದಷ್ಟು ಅಂಗಳ ಇದೆ, ಹಿಂದೆ ನಡೆದರಾಯಿತು. ಒಳಗೆ ಹೋಗಿ ತಲೆಯೆತ್ತಿದಾಗ ಮಾತ್ರ ಅಲ್ಟ್ರಾ ವೈಡ್‌ನ ಬೆಲೆ ತಿಳಿಯುವುದು. ಹತ್ತಿರಕ್ಕೆ ಹೋಗಲೇಬೇಕಾದ ಕಡೆ ಅಥವಾ ಬೇಕೆಂದೇ ಹತ್ತಿರ ಹೋಗುವವರ ಕೈಯಲ್ಲಿ ಇದು ಕೆಲಸಕ್ಕೆ ಬರುವ ಲೆನ್ಸ್. ದೂರದ್ದನ್ನೆಲ್ಲ ಒಂದೇ ಚಿತ್ರಕ್ಕೆ ತುಂಬಲು ಬೇಕು ಅನ್ನುವವರು ಕ್ಯಾಮೆರಾ ಉದ್ದಕ್ಕೆ ಹಿಡಿದು, ಒಂದರ ಮೇಲೊಂದು ಸ್ವಲ್ಪ ಬರುವಂತೆ ಮೂರ್ನಾಲ್ಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿಕೊಳ್ಳುವುದು ಲೇಸು. ಜನ, ಅಲೆ, ಗಾಳಿಗೆ ಆಡುವ ಮರ ಇಲ್ಲದಿದ್ದರೆ ಇದು ಚೆನ್ನಾಗಿಯೇ ಬರುತ್ತದೆ.

ಪರೀಕ್ಷೆ ಮುಗಿದ ಮೇಲೂ ಬೇಕು ಅನ್ನಿಸಿದರೆ ಮುಂದೆ ಓದಿ.

ಯಾವುದನ್ನು ಅಳೆಯಬೇಕು

ಎಷ್ಟು ವೈಡ್ ಎಂಬುದು ಮೊದಲನೆಯದು. ಒಂದು ಗೋಡೆಯಿಂದ ಮೂರು ಮೀಟರ್ ಹಿಂದೆ ನಿಂತಿದ್ದೀರಿ ಅನ್ನಿ. 18 ಎಂಎಂನಲ್ಲಿ ಆ ಗೋಡೆಯ ಸುಮಾರು 3.9 ಮೀಟರ್ ಅಗಲ ಚಿತ್ರಕ್ಕೆ ಬರುತ್ತದೆ. 12ರಲ್ಲಿ 5.9, 11ರಲ್ಲಿ 6.4, 10ರಲ್ಲಿ 7, 8ರಲ್ಲಿ 8.8 ಮೀಟರ್. ಕೆನಾನ್ ಸೆನ್ಸರ್ ತುಸು ಚಿಕ್ಕದು, ಅದರಲ್ಲಿ 10 ಎಂಎಂಗೆ 6.7 ಮೀಟರ್. ಟೆಲಿ ಲೆನ್ಸಿನಲ್ಲಿ 200 ಆದರೇನು 205 ಆದರೇನು. ಈ ತುದಿಯಲ್ಲಿ ಮಾತ್ರ ಒಂದೊಂದು ಎಂಎಂಗೂ ಅರ್ಧ ಮೀಟರ್ ಗೋಡೆ ಹೋಗುತ್ತದೆ. ಹಾಗಂತ 8ಕ್ಕೇ ಹೋಗಬೇಕೆಂದಿಲ್ಲ. ವೈಡ್ ಆದಷ್ಟೂ ಅಂಚಿನಲ್ಲಿರುವುದೆಲ್ಲ ಹೊರಕ್ಕೆ ಎಳೆದುಕೊಳ್ಳುತ್ತದೆ. ಮದುವೆ ಮನೆಯ ಗ್ರೂಪ್ ಫೋಟೊದ ತುದಿಯಲ್ಲಿ ನಿಂತ ಅತ್ತೆ ನಿಜಕ್ಕಿಂತ ಒಂದೂವರೆ ಪಟ್ಟು ದಪ್ಪ ಕಂಡರೆ ಆ ತಪ್ಪು ಲೆನ್ಸಿನದಲ್ಲ, ಫೋಟೊಗ್ರಾಫರನದು. ಬೈಸಿಕೊಳ್ಳುವುದೂ ನೀವೇ.

ಎರಡನೆಯದೇ ನಿಜವಾದ ಕವಲುದಾರಿ: ದೊಡ್ಡ ಅಪರ್ಚರ್ (ಬೆಳಕು ಬರುವ ತೂತು) ಬೇಕೋ, ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಬೇಕೋ. ಈ ವರ್ಗದಲ್ಲಿ ಎರಡೂ ಒಂದೇ ಲೆನ್ಸಿನಲ್ಲಿ ಸಿಗುವುದು ಕಷ್ಟ. ಎಫ್ 2.8ರವು ಸ್ಟೆಬಿಲೈಸೇಷನ್ ಇಲ್ಲದೆ ಬರುತ್ತವೆ. ಸ್ಟೆಬಿಲೈಸೇಷನ್ ಇರುವವು ಎಫ್ 3.5, ಎಫ್ 4, ಎಫ್ 4.5ಕ್ಕೆ ಶುರುವಾಗುತ್ತವೆ.

ಲೆಕ್ಕ ಹಾಕಿ ನೋಡೋಣ. ಎಫ್ 4.5ಕ್ಕಿಂತ ಎಫ್ 2.8 ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. ಎಫ್ 4.5ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 3200 ಬೇಕಾದ ಕಡೆ ಎಫ್ 2.8ರಲ್ಲಿ 1250 ಸಾಕು. ಒಳ್ಳೆಯ ಲಾಭವೇ. ಆದರೆ ಸ್ಟೆಬಿಲೈಸೇಷನ್ ಏನು ಮಾಡುತ್ತದೆ ನೋಡಿ. 10 ಎಂಎಂನಲ್ಲಿ ಕೈ ನಡುಗದೆ ಹಿಡಿಯಲು ಸಾಮಾನ್ಯವಾಗಿ ಸೆಕೆಂಡಿನ 15ನೇ ಒಂದು ಭಾಗ ಬೇಕು. ಕೆನಾನ್‌ನ 10-18ಕ್ಕೆ ಕಂಪನಿ ಹೇಳಿಕೊಳ್ಳುವುದು ನಾಲ್ಕು ಸ್ಟಾಪ್; ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು. ಅದರಲ್ಲಿ ಅರ್ಧ ನಂಬಿದರೂ ಕಾಲು ಸೆಕೆಂಡ್ ಕೈಯಲ್ಲೇ ಹಿಡಿಯಬಹುದು. ಅಂದರೆ ನಾಲ್ಕು ಪಟ್ಟು ಬೆಳಕು. ನಿಂತ ಕಲ್ಲಿನ ಮುಂದೆ ಎಫ್ 2.8ಕ್ಕಿಂತ ಇದೇ ಮೇಲು. ಜೊತೆಗೆ ಅಪರ್ಚರ್ ಪೂರ್ತಿ ತೆರೆಯಬೇಕಾದ ಒತ್ತಡವೂ ಇರುವುದಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಬಾದಾಮಿ, ಪಟ್ಟದಕಲ್ಲು, ಹಂಪಿಯಂಥ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮುಂಚಿತವಾಗಿ ಅನುಮತಿ ಬೇಕು. ಹೆಗಲಿಗೆ ಹಾಕಿಕೊಂಡು ಹೋದದ್ದನ್ನು ಗೇಟಿನಲ್ಲೇ ಇಟ್ಟು ಹೋಗಿ ಅನ್ನುತ್ತಾರೆ. ಬಾದಾಮಿಯ ಮೂರನೇ ಗುಹೆಯ ಮೊಗಸಾಲೆಯ ತುದಿಯಲ್ಲಿ ಶೇಷನ ಮೇಲೆ ಕೂತ ವಿಷ್ಣುವನ್ನು ಕೈಯಲ್ಲೇ ಹಿಡಿದು ತೆಗೆಯಬೇಕು. ಕಲ್ಲು ಅಲುಗುವುದಿಲ್ಲ, ಅಲುಗುವುದು ನಿಮ್ಮ ಕೈ. ಅದಕ್ಕೆ ಬೇಕಾದದ್ದು ಸ್ಟೆಬಿಲೈಸೇಷನ್.

ಅದೇ ಲೆನ್ಸ್ ಹಿಡಿದು ಮದುವೆ ಛತ್ರಕ್ಕೆ ಹೋಗಿ, ಕಥೆ ಉಲ್ಟಾ. ಧಾರೆ ಎರೆಯುವಾಗ, ಅಕ್ಷತೆ ಹಾರುವಾಗ ಕಾಲು ಸೆಕೆಂಡ್ ಶಟರ್ ಇಟ್ಟರೆ ಮಂಟಪ ಶಾರ್ಪ್ ಬರುತ್ತದೆ, ಮದುಮಕ್ಕಳು ಮಂಜಾಗುತ್ತಾರೆ. ಅಲ್ಲಿ ಎಫ್ 2.8ಕ್ಕೆ ಸಾಟಿ ಇಲ್ಲ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲೂ ಹಾಗೆಯೇ. ಇಕ್ಕಟ್ಟಾದ ಜಾಗ, ಒಂದೆರಡು ಬಲ್ಬ್, ಸುಮ್ಮನೆ ಕೂರದ ಜನ.

ಆಕಾಶಗಂಗೆ ತೆಗೆಯುವವರಿಗೆ ಲೆಕ್ಕ ಇನ್ನೂ ಕಟ್ಟುನಿಟ್ಟು. ಟ್ರೈಪಾಡ್ ಇದ್ದೇ ಇರುತ್ತದೆ, ಸ್ಟೆಬಿಲೈಸೇಷನ್ ಆಫ್ ಮಾಡಿರುತ್ತೀರಿ. ನಕ್ಷತ್ರಗಳು ಗೆರೆಯಾಗದಿರಲು 10 ಎಂಎಂನಲ್ಲಿ ಸುಮಾರು 20 ಸೆಕೆಂಡ್ ಮಿತಿ ಇಟ್ಟುಕೊಳ್ಳಿ. ಎಫ್ 2.8ರಲ್ಲಿ ಐಎಸ್‌ಒ 3200ಕ್ಕೆ ಬರುವ ಚಿತ್ರಕ್ಕೆ ಎಫ್ 4.5ರಲ್ಲಿ 8000 ದಾಟಬೇಕು. ಹಳೆಯ ಕ್ರಾಪ್ ಬಾಡಿಗಳಲ್ಲಿ ಅಷ್ಟಕ್ಕೆ ಏರಿಸಿದರೆ ನಕ್ಷತ್ರ ಯಾವುದು, ನಾಯ್ಸ್ (ಚಿತ್ರದಲ್ಲಿ ಏಳುವ ಕಾಳುಕಾಳು) ಯಾವುದು ಎಂದು ಗುರುತಿಸುವುದೇ ಕೆಲಸವಾಗುತ್ತದೆ.

ಬಾಡಿಯೊಳಗೇ ಸ್ಟೆಬಿಲೈಸೇಷನ್ ಇದ್ದರೆ ಈ ಜಗಳ ಅರ್ಧ ಮುಗಿದಂತೆ. ಸೋನಿ ಎ6500, ಎ6600, ಎ6700, ಕೆನಾನ್ ಆರ್7, ಫ್ಯೂಜಿಯ ಎಕ್ಸ್-ಟಿ4, ಎಕ್ಸ್-ಟಿ5, ಎಕ್ಸ್-ಎಸ್10, ಎಕ್ಸ್-ಎಸ್20, ಎಕ್ಸ್-ಎಚ್2 ಇವುಗಳಲ್ಲಿ ಇದೆ. ಇವರು ಕಣ್ಣು ಮುಚ್ಚಿ ಎಫ್ 2.8 ಕಡೆ ಹೋಗಬಹುದು. ಸೋನಿ ಎ6000, ಎ6400, ಕೆನಾನ್ ಆರ್10, ಆರ್50, ನಿಕಾನ್ ಝಡ್50, ಝಡ್ ಎಫ್‌ಸಿಗಳಲ್ಲಿ ಇಲ್ಲ. ವಿಡಿಯೊ ಮಾಡುವವರಿಗೆ ಒಂದು ಕಿವಿಮಾತು: ನಡೆಯುತ್ತಾ ಅಲ್ಟ್ರಾ ವೈಡ್‌ನಲ್ಲಿ ಚಿತ್ರೀಕರಿಸಿದರೆ ಬಾಡಿಯ ಸ್ಟೆಬಿಲೈಸೇಷನ್‌ನಿಂದ ಚಿತ್ರದ ಮೂಲೆಗಳು ಜೋಲಾಡುತ್ತವೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಿ.

ಮೂರನೆಯದು ಫಿಲ್ಟರ್ ಮತ್ತು ತೂಕ. ಫಿಲ್ಟರ್ ಅಳತೆ 67ರಿಂದ 77ಕ್ಕೆ, 77ರಿಂದ 82ಕ್ಕೆ ಹೋದ ಹಾಗೆ ಬೆಳಕು ತಗ್ಗಿಸುವ ಎನ್‌ಡಿ, ಹೊಳಪು ತೆಗೆಯುವ ಪೋಲರೈಸರ್‌ಗಳ ಬೆಲೆಯೂ ಏರುತ್ತದೆ. ಜಲಪಾತದ ನೀರನ್ನು ಹಾಲಿನ ಹಾಗೆ ಮಾಡುವ ಆಸೆ ಇದ್ದವರು ಈ ಖರ್ಚನ್ನು ಲೆನ್ಸಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಲಿ. ಪೋಲರೈಸರ್ ಹಾಕಿ ನೀಲಿ ಆಕಾಶ ತೆಗೆಯುವ ಯೋಚನೆ ಮಾತ್ರ ಬಿಡಿ. ಇಷ್ಟು ಅಗಲದ ನೋಟದಲ್ಲಿ ಆಕಾಶದ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವ ಆಗುತ್ತದೆ. ಒದ್ದೆ ಬಂಡೆ, ಎಲೆಗಳ ಮೇಲಿನ ಹೊಳಪು ತೆಗೆಯಲಾದರೆ ಸರಿ.

ಆಟೊಫೋಕಸ್ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 10 ಎಂಎಂ, ಎಫ್ 8ರಲ್ಲಿ ಮುಕ್ಕಾಲು ಮೀಟರ್ ಆಸುಪಾಸಿಗೆ ಫೋಕಸ್ ಇಟ್ಟರೆ ಕಾಲಬುಡದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ. ಎಫ್ 11 ದಾಟಿಸಿದರೆ ಹೆಚ್ಚೇನೂ ಸಿಗುವುದಿಲ್ಲ, ಸಣ್ಣ ತೂತಿನಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಚಿತ್ರ ಮೆತ್ತಗಾಗುತ್ತದೆ.

ಬೆಲೆ ಹೇಳುವಾಗ ನಾನು ಬಿಡುಗಡೆಯಾದಾಗಿನ ಅಮೆರಿಕದ ಡಾಲರ್ ಬೆಲೆಯನ್ನೇ ಹಿಡಿದುಕೊಳ್ಳುತ್ತೇನೆ. ರೂಪಾಯಿ ಬೆಲೆ ಹಬ್ಬ, ಆಫರ್, ವಿನಿಮಯ ದರ ನೋಡಿಕೊಂಡು ಕುಣಿಯುತ್ತಿರುತ್ತದೆ. ಯಾವುದು ಯಾವುದರ ಎರಡು ಪಟ್ಟು ಎಂಬುದು ತಿಳಿದರೆ ಸಾಕು.

ಡಿಎಸ್‌ಎಲ್‌ಆರ್ ಇರುವವರಿಗೆ

ಕೆನಾನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. 2014ರಲ್ಲಿ 299 ಡಾಲರಿಗೆ ಬಂದ ಇಎಫ್-ಎಸ್ 10-18 ಎಫ್ 4.5-5.6 ಐಎಸ್ (ಕೆನಾನ್‌ನಲ್ಲಿ ಸ್ಟೆಬಿಲೈಸೇಷನ್‌ನ ಹೆಸರು; ನಿಕಾನ್‌ನಲ್ಲಿ ವಿಆರ್, ಟ್ಯಾಮ್ರಾನ್‌ನಲ್ಲಿ ವಿಸಿ) ಈ ವರ್ಗದ ಬೆಲೆಯ ಲೆಕ್ಕಾಚಾರವನ್ನೇ ಬದಲಿಸಿದ ಲೆನ್ಸ್. 240 ಗ್ರಾಂ, 67 ಎಂಎಂ ಫಿಲ್ಟರ್. ಬಾಡಿಗೆ ಕೂರುವ ಮೌಂಟ್ ಪ್ಲಾಸ್ಟಿಕ್, ಅದಕ್ಕೆ ಮೂಗು ಮುರಿಯುವವರಿದ್ದಾರೆ, ಆದರೆ ಇಷ್ಟು ಹಗುರದ ಲೆನ್ಸಿಗೆ ಅದು ದೊಡ್ಡ ಕೊರತೆಯಲ್ಲ. 2004ರ ಹಳೆಯ 10-22 ಎಫ್ 3.5-4.5 ಕೂಡ ಒಳ್ಳೆಯದೇ, 385 ಗ್ರಾಂ, 77 ಎಂಎಂ ಫಿಲ್ಟರ್, ಸ್ಟೆಬಿಲೈಸೇಷನ್ ಇಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡೂ ಒಂದೇ ಬೆಲೆಗೆ ಸಿಕ್ಕರೆ 10-18 ಹಿಡಿಯಿರಿ. ನಾಳೆ ಆರ್10ಗೋ ಆರ್50ಗೋ ಹೋದರೂ ಅಡಾಪ್ಟರ್ ಹಾಕಿ ಇದನ್ನು ಪೂರ್ತಿಯಾಗಿ ಬಳಸಬಹುದು.

ನಿಕಾನ್‌ನವರು ಮಾತ್ರ ಇಲ್ಲಿ ಎಚ್ಚರದಿಂದ ಓದಬೇಕು. 2017ರ ಎಎಫ್-ಪಿ 10-20 ಎಫ್ 4.5-5.6 ವಿಆರ್ ಹಗುರ, 230 ಗ್ರಾಂ, ಬೆಲೆ ಕೆನಾನ್‌ನ 10-18ರ ಆಸುಪಾಸು, ಸ್ಟೆಬಿಲೈಸೇಷನ್ ಇದೆ. ಎಲ್ಲ ಸರಿ, ಒಂದನ್ನು ಬಿಟ್ಟು. ಎಎಫ್-ಪಿ ಲೆನ್ಸ್‌ಗಳು ಡಿ3100, ಡಿ3200, ಡಿ5100, ಡಿ90ರಂಥ ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ. ಆಟೊಫೋಕಸ್ ಮಾತ್ರವಲ್ಲ, ರಿಂಗ್ ತಿರುಗಿಸಿದರೂ ಆಗುವುದಿಲ್ಲ, ಏಕೆಂದರೆ ರಿಂಗ್ ಕೂಡ ಮೋಟಾರಿನ ಮೂಲಕವೇ ಕೆಲಸ ಮಾಡುತ್ತದೆ. ಡಿ3300, ಡಿ5300, ಡಿ7100, ಡಿ7200ಗಳಿಗೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಳ್ಳಬೇಕು. ಡಿ3400, ಡಿ3500, ಡಿ5600, ಡಿ7500, ಡಿ500 ಇದ್ದವರು ನಿಶ್ಚಿಂತೆಯಿಂದ ಇದನ್ನೇ ಕೊಳ್ಳಬಹುದು. ಹಳೆಯ ಬಾಡಿ ಇದ್ದವರು 2009ರ ಎಎಫ್-ಎಸ್ 10-24 ಎಫ್ 3.5-4.5 ನೋಡಿ. 460 ಗ್ರಾಂ ಭಾರ, ಹೊಸದಾಗಿ ದುಬಾರಿ, ಆದರೆ ಆಟೊಫೋಕಸ್ ಮೋಟಾರ್ ಲೆನ್ಸಿನಲ್ಲೇ ಇರುವುದರಿಂದ ಡಿ3100ರಲ್ಲೂ ಫೋಕಸ್ ಆಗುತ್ತದೆ.

ಎರಡೂ ಕಂಪನಿಯವರು ಬಳಸಬಹುದಾದ ಇತರ ಕಂಪನಿಗಳ ಲೆನ್ಸ್‌ಗಳಲ್ಲಿ ಟೋಕಿನಾ 11-16 ಎಫ್ 2.8ಕ್ಕೆ ಬಹಳ ವರ್ಷಗಳಿಂದ ಹೆಸರಿದೆ. ರಾತ್ರಿ ಆಕಾಶ ತೆಗೆಯುವವರು ಬಜೆಟ್ ಹೇಳಿದ ತಕ್ಷಣ ಕೇಳಿಬರುವ ಉತ್ತರ ಇದು. ಗಟ್ಟಿ ಮೈ, ಸುಮಾರು 550 ಗ್ರಾಂ, ಫೋಕಸ್ ರಿಂಗನ್ನು ಹಿಂದಕ್ಕೆ ಎಳೆದರೆ ಮ್ಯಾನುಯಲ್, ಮುಂದಕ್ಕೆ ದೂಡಿದರೆ ಆಟೊ. ಎರಡು ಕಾಯಿಲೆಗಳಿವೆ. ಸೂರ್ಯ ಚಿತ್ರದ ಅಂಚಿನಲ್ಲಿದ್ದರೆ ಬಣ್ಣಬಣ್ಣದ ಫ್ಲೇರ್ ಚುಕ್ಕೆಗಳು ಸಾಲುಗಟ್ಟುತ್ತವೆ. ಕಪ್ಪು-ಬಿಳುಪು ಕೂಡುವ ಕಡೆ ನೇರಳೆ ಅಂಚು ಕಾಣುತ್ತದೆ. ಬೇಲೂರಿನ ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿಯ ಮೂಲಕ ಬಿಸಿಲು ಬೀಳುವ ಹೊತ್ತಿನಲ್ಲಿ ಒಳಗಿನಿಂದ ತೆಗೆದರೆ ಅದು ಚೆನ್ನಾಗಿಯೇ ಎದ್ದು ತೋರುತ್ತದೆ. ಸಾಫ್ಟ್‌ವೇರಿನಲ್ಲಿ ಬಹುಪಾಲು ಹೋಗುತ್ತದೆ. 11ರಿಂದ 16ರವರೆಗಿನ ಜೂಮ್ ಎಂದರೆ ಜೂಮ್ ಎಂದು ಹೇಳಿಕೊಳ್ಳಬೇಕಷ್ಟೆ. 2015ರಲ್ಲಿ ಬಂದ 11-20 ಎಫ್ 2.8 ಆ ಕೊರತೆ ನೀಗಿಸುತ್ತದೆ, ಫಿಲ್ಟರ್ ಮಾತ್ರ 82 ಎಂಎಂ. ಮದುವೆಗೆ ಕೊಳ್ಳುವವರು ಇದನ್ನೇ ನೋಡಲಿ, ಏಕೆಂದರೆ ಜನರ ನಡುವೆ ಹೆಚ್ಚು ಬಳಕೆಯಾಗುವುದು 16ರಿಂದ 20ರ ಭಾಗ. ನಿಕಾನ್‌ಗೆ ಮಾಡಿದ ಮೊದಲ ತಲೆಮಾರಿನ 11-16ರಲ್ಲಿ ಮೋಟಾರ್ ಇಲ್ಲ; ಡಿ3000, ಡಿ5000 ಸರಣಿಯ ಬಾಡಿಗಳಿಗೆ ಎರಡನೇ ಆವೃತ್ತಿಯೇ ಆಗಬೇಕು.

ಟೋಕಿನಾದ 10-17 ಎಂಬ ಇನ್ನೊಂದು ಲೆನ್ಸ್ ಇದೆ. ಸಂಖ್ಯೆ ನೋಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡುಬಿಡಬೇಡಿ, ಅದು ಫಿಶ್‌ಐ. ಗುಡಿಯ ಕಂಬಗಳೆಲ್ಲ ಬಿಲ್ಲಿನಂತೆ ಬಾಗುತ್ತವೆ.

ಟ್ಯಾಮ್ರಾನ್ 2017ರಲ್ಲಿ ತಂದ 10-24 ಎಫ್ 3.5-4.5 ವಿಸಿ ಮಧ್ಯಮ ಮಾರ್ಗ: 440 ಗ್ರಾಂ, ಸ್ಟೆಬಿಲೈಸೇಷನ್ ಇದೆ, ಜೂಮ್ ಉದ್ದ ಹೆಚ್ಚು. ಪ್ರವಾಸದಲ್ಲಿ ಲೆನ್ಸ್ ಬದಲಿಸಲು ಬೇಸರಪಡುವವರಿಗೆ ಹೊಂದುತ್ತದೆ. ಇದಕ್ಕೂ ಹಿಂದೆ ಇದೇ ಸಂಖ್ಯೆಯ, ವಿಸಿ ಇಲ್ಲದ ಲೆನ್ಸ್ ಇತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಎರಡಕ್ಷರ ಇದೆಯೇ ಎಂದು ಓದಿ ನೋಡಿ. ಸಿಗ್ಮಾದ 10-20ರಲ್ಲೂ ಎರಡಿವೆ, ಎಫ್ 4-5.6 ಮತ್ತು ಎಫ್ 3.5. ಎರಡನೆಯದರ 82 ಎಂಎಂ ಫಿಲ್ಟರಿಗೆ ದುಡ್ಡು ಹಾಕುವ ಬದಲು ಮೊದಲನೆಯದೇ ವಾಸಿ. ಸಿಗ್ಮಾ 8-16 ಎಷ್ಟು ವೈಡ್ ಎಂದು ಮೇಲೆ ನೋಡಿದ್ದೀರಿ. ಮುಂದಿನ ಗಾಜು ಉಬ್ಬಿಕೊಂಡಿರುವುದರಿಂದ ಮಾಮೂಲಿ ಫಿಲ್ಟರ್ ಕೂರುವುದಿಲ್ಲ. ಕಟ್ಟಡಗಳ ಒಳಾಂಗಣವೇ ಹೊಟ್ಟೆಪಾಡಾದವರಿಗೆ ಬಿಟ್ಟು ಬೇರೆಯವರಿಗೆ ನಾನು ಹೇಳುವುದಿಲ್ಲ.

ಮಿರರ್‌ಲೆಸ್ ಇರುವವರಿಗೆ

ಕನ್ನಡಿ ಇಲ್ಲದ ಈ ಕ್ಯಾಮೆರಾಗಳಲ್ಲಿ ಚಿತ್ರಣ ಬದಲಾದದ್ದು 2023ರಲ್ಲಿ. ಸಿಗ್ಮಾ 10-18 ಎಫ್ 2.8 ಆ ವರ್ಷ ಸೋನಿ, ಫ್ಯೂಜಿ, ಎಲ್ (ಲೈಕಾ, ಪ್ಯಾನಸೋನಿಕ್‌ನವರದು) ಮೌಂಟ್‌ಗಳಿಗೆ ಬಂತು, ಮರುವರ್ಷ ಕೆನಾನ್‌ನ ಮಿರರ್‌ಲೆಸ್ ಮೌಂಟ್ ಆರ್‌ಎಫ್‌ಗೂ. ಸುಮಾರು 260 ಗ್ರಾಂ, 67 ಎಂಎಂ ಫಿಲ್ಟರ್, 599 ಡಾಲರ್. ಟೋಕಿನಾ 11-16ರ ಅರ್ಧ ತೂಕಕ್ಕಿಂತ ಕಡಿಮೆ, ಅದಕ್ಕಿಂತ ವೈಡ್, ಅದೇ ಎಫ್ 2.8. ವೈಡ್ ತುದಿಯಲ್ಲಿ 11.6 ಸೆಂ.ಮೀ.ವರೆಗೆ ಹತ್ತಿರ ಹೋಗಿ ಫೋಕಸ್ ಮಾಡಬಹುದು, ಅದೂ ಸೆನ್ಸರಿನಿಂದ ಅಳೆದರೆ. ಲೆನ್ಸಿನ ಮೂತಿಯಿಂದ ಕೆಲವೇ ಬೆರಳು ದೂರ. ಮಲೆನಾಡಿನ ಮಳೆಗಾಲದಲ್ಲಿ ಎಲೆಯ ಮೇಲೆ ಕೂತ ಕಪ್ಪೆಯನ್ನು ಅದರ ಹಿಂದಿನ ಕಾಡಿನ ಸಮೇತ ತೆಗೆಯುವ ಹುಚ್ಚಿದ್ದವರಿಗೆ ಇದೊಂದೇ ಗುಣ ಸಾಕು. ಸೋನಿ, ಫ್ಯೂಜಿ ಇಟ್ಟುಕೊಂಡ ಗೆಳೆಯರು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ.

ಇದಕ್ಕೆ ಎದುರಾಳಿ 2021ರ ಟ್ಯಾಮ್ರಾನ್ 11-20 ಎಫ್ 2.8. ಸೋನಿಗೆ ಮೊದಲು ಬಂದು, ಆಮೇಲೆ ಫ್ಯೂಜಿಗೂ ಕೆನಾನ್‌ಗೂ ಬಂತು. 335 ಗ್ರಾಂ, 829 ಡಾಲರ್. ಒಂದು ಎಂಎಂ ಕಡಿಮೆ ವೈಡ್, ಎರಡು ಎಂಎಂ ಹೆಚ್ಚು ಉದ್ದ. ಗುಡಿ, ಒಳಾಂಗಣ ಹೆಚ್ಚಾದರೆ ಸಿಗ್ಮಾ. ಜನ, ಬೀದಿ, ಜಾತ್ರೆ ಹೆಚ್ಚಾದರೆ ಟ್ಯಾಮ್ರಾನ್.

ಸೋನಿಯದೇ ಎರಡಿವೆ. 2012ರ 10-18 ಎಫ್ 4ರಲ್ಲಿ ಸ್ಟೆಬಿಲೈಸೇಷನ್ ಇದೆ, 225 ಗ್ರಾಂ. ಎ6000, ಎ6400 ಹಿಡಿದು ಸ್ಮಾರಕ ಸುತ್ತುವವರಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಇದು ಈಗಲೂ ಜಾಣ ಆಯ್ಕೆ. 2022ರ ಪವರ್ ಜೂಮ್ (ಮೋಟಾರಿನಿಂದ ಜೂಮ್ ಆಗುವ) 10-20 ಎಫ್ 4 ಜಿ ಬರೀ 178 ಗ್ರಾಂ, ಆದರೆ ಸ್ಟೆಬಿಲೈಸೇಷನ್ ತೆಗೆದುಹಾಕಿದ್ದಾರೆ. ಅದು ವಿಡಿಯೊದವರ ಲೆನ್ಸ್.

ಫ್ಯೂಜಿಯ ಸ್ವಂತ 10-24 ಎಫ್ 4ರ 2020ರ ಆವೃತ್ತಿಗೆ ಹವಾಮಾನ ತಡೆಯುವ ಸೀಲಿಂಗ್ ಸೇರಿದೆ, ಸ್ಟೆಬಿಲೈಸೇಷನ್ ಮೊದಲಿನಿಂದಲೂ ಇತ್ತು. 999 ಡಾಲರ್. ಮಳೆಯಲ್ಲಿ ನಿಂತು ತೆಗೆಯುವ ಅಭ್ಯಾಸವಿದ್ದು ಬಾಡಿಗೂ ಸೀಲಿಂಗ್ ಇದ್ದರೆ ಮಾತ್ರ ಆ ಹಣಕ್ಕೆ ಅರ್ಥ. 8-16 ಎಫ್ 2.8 ಅದ್ಭುತ ಲೆನ್ಸ್. 805 ಗ್ರಾಂ, 1999 ಡಾಲರ್. ಅದನ್ನು ಕೊಳ್ಳುವವರಿಗೆ ಈ ಬರಹದ ಅಗತ್ಯವಿಲ್ಲ.

ಕೆನಾನ್ ಆರ್50, ಆರ್10 ಜೊತೆ ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆಂದರೆ 2023ರ ಆರ್‌ಎಫ್-ಎಸ್ 10-18 ಎಫ್ 4.5-6.3 ಐಎಸ್. 150 ಗ್ರಾಂ, 49 ಎಂಎಂ ಫಿಲ್ಟರ್, 329 ಡಾಲರ್. ಬ್ಯಾಗಿನಲ್ಲಿದೆ ಎಂಬುದೇ ಮರೆತುಹೋಗುತ್ತದೆ. 18ರ ತುದಿಯಲ್ಲಿ ಎಫ್ 6.3 ಬಹಳ ಕತ್ತಲು, ನಿಜ. ಹಗಲಿನ ಪ್ರವಾಸ, ಗುಡಿಯ ಕಂಬ, ಮನೆಯ ಒಳಗು ಇಷ್ಟಕ್ಕೆ ಏನೂ ತೊಂದರೆಯಿಲ್ಲ.

ನಿಕಾನ್ ಝಡ್ ಸರಣಿಯವರಿಗೆ ಆಯ್ಕೆ ಕಡಿಮೆ. ಡಿಎಕ್ಸ್ 12-28 ಎಫ್ 3.5-5.6 ಪವರ್ ಜೂಮ್ 205 ಗ್ರಾಂ, 359 ಡಾಲರ್, ಸ್ಟೆಬಿಲೈಸೇಷನ್ ಇದೆ, ವಿಡಿಯೊಗೆ ಸಲೀಸು. ಆದರೆ 12ರಿಂದ ಶುರು. ಮೇಲಿನ ಗೋಡೆಯ ಲೆಕ್ಕ ನೆನಪಿಸಿಕೊಳ್ಳಿ, 10 ಎಂಎಂಗಿಂತ ಒಂದು ಮೀಟರಿಗೂ ಮಿಕ್ಕಿ ಗೋಡೆ ಹೊರಗುಳಿಯುತ್ತದೆ. ಒಳಾಂಗಣವೇ ಮುಖ್ಯವಾದರೆ ಡಿಎಸ್‌ಎಲ್‌ಆರ್ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಎಎಫ್-ಪಿ 10-20 ಬಳಸುವುದು ಮೇಲು. ಅಡಾಪ್ಟರಿನ ತೂಕ, ಬೆಲೆ ಎರಡೂ ಲೆಕ್ಕಕ್ಕೆ ಬರಲಿ.

ಜೂಮ್ ಬೇಕೇ ಬೇಕೆಂದಿಲ್ಲದ, ನಕ್ಷತ್ರವೇ ಮುಖ್ಯವಾದ ಸೋನಿ, ಫ್ಯೂಜಿ ಬಳಗದವರು ಸ್ಯಾಮ್‌ಯಾಂಗ್ 12 ಎಂಎಂ ಎಫ್ 2 ಮ್ಯಾನುಯಲ್ ಫೋಕಸ್ ಲೆನ್ಸನ್ನೂ ವಿಚಾರಿಸಿ. ಎಫ್ 2.8ಕ್ಕಿಂತ ಎರಡು ಪಟ್ಟು ಬೆಳಕು, ಬೆಲೆಯೂ ಕಡಿಮೆ. ರಾತ್ರಿ ಆಕಾಶಕ್ಕೆ ಆಟೊಫೋಕಸ್ ಹೇಗೂ ಬಳಸುವುದಿಲ್ಲ.

ಅಂಗಡಿಯಲ್ಲಿ ಕೇಳಿಬರುವ ಒಂದು ಸಲಹೆ

"ಮುಂದೆ ಫುಲ್ ಫ್ರೇಮ್‌ಗೆ ಹೋಗ್ತೀರಲ್ಲ ಸಾರ್, ಈಗಲೇ 16-35 ತಗೊಂಡುಬಿಡಿ" ಎಂದು ಹೇಳುವವರು ಸಿಗುತ್ತಾರೆ. ಕ್ರಾಪ್ ಸೆನ್ಸರ್ ಮೇಲೆ ಅದು ಫುಲ್ ಫ್ರೇಮಿನ 24-52ರ ಕೆಲಸ ಮಾಡುತ್ತದೆ. ಕ್ಯಾಮೆರಾ ಜೊತೆ ಬಂದ ನಿಮ್ಮ 18-55 ಕಿಟ್ ಲೆನ್ಸಿಗಿಂತ ಕೂದಲೆಳೆಯಷ್ಟು ವೈಡ್. ಮೂರು ನಾಲ್ಕು ವರ್ಷಗಳ ನಂತರದ ಬಾಡಿಗಾಗಿ ಇವತ್ತಿನ ಗುಡಿಯನ್ನು ಕಳೆದುಕೊಳ್ಳುವುದೇಕೆ? ಕ್ರಾಪ್ ಲೆನ್ಸನ್ನು ಚೆನ್ನಾಗಿಟ್ಟುಕೊಂಡರೆ ಬದಲಿಸುವ ದಿನ ಮಾರಬಹುದು.

ಹೋಂಸ್ಟೇ, ತೊಟ್ಟಿಮನೆ, ಬಾಡಿಗೆ ಮನೆಗಳ ಚಿತ್ರ ತೆಗೆದುಕೊಡುವವರು 10 ಎಂಎಂ ಇದೆಯೆಂದು ಅದರಲ್ಲೇ ತೆಗೆಯಬೇಡಿ. ಹತ್ತಡಿ ಕೋಣೆ ಹಜಾರದಂತೆ ಕಾಣುತ್ತದೆ, ಬಂದ ಅತಿಥಿಗಳು ಮಾಲೀಕರ ಜೊತೆ ಜಗಳ ತೆಗೆಯುತ್ತಾರೆ. 12ರಿಂದ 14 ಸಾಕು, ಕ್ಯಾಮೆರಾ ಎದೆಯ ಎತ್ತರಕ್ಕೆ ಹಿಡಿದು, ಮೇಲಕ್ಕೂ ಕೆಳಕ್ಕೂ ವಾಲಿಸದೆ. ವಾಲಿಸಿದರೆ ಗೋಡೆಗಳೆಲ್ಲ ಒಳಕ್ಕೆ ಬೀಳುತ್ತವೆ. ಈ ಕೆಲಸಕ್ಕೆ ಟ್ರೈಪಾಡ್ ಇಡಲು ಯಾರೂ ಬೇಡವೆನ್ನುವುದಿಲ್ಲ, ಹಾಗಾಗಿ ಎಫ್ 2.8ಕ್ಕೂ ಸ್ಟೆಬಿಲೈಸೇಷನ್‌ಗೂ ದುಡ್ಡು ಕೊಡಬೇಕಿಲ್ಲ. ಇದ್ದುದರಲ್ಲಿ ಅಗ್ಗದ 10 ಎಂಎಂ ಜೂಮ್ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗುವವರು ಹೆಚ್ಚಿದ್ದರಿಂದ ಹಳೆಯ 10-18, 10-20, 11-16ಗಳು ಒಳ್ಳೆಯ ಬೆಲೆಗೆ ಸಿಗುತ್ತವೆ. ನಮ್ಮ ಹವೆಯಲ್ಲಿ ಮೊದಲ ಶತ್ರು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಬ್ಯಾಗಿನೊಳಗೇ ಮಲಗಿದ ಲೆನ್ಸಿನಲ್ಲಿ ಅದು ಮನೆ ಮಾಡಿರಬಹುದು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ಒಂದೆರಡು ಇದ್ದರೆ ಚಿಂತೆಯಿಲ್ಲ, ಎಲ್ಲ ಲೆನ್ಸಿನಲ್ಲೂ ಇರುತ್ತದೆ. ಬೇರಿನಂತೆ ಕವಲೊಡೆದ ಸಣ್ಣ ಎಳೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಕೊಟ್ಟು ಬನ್ನಿ.

ಆಮೇಲೆ ಒಂದು ಇಟ್ಟಿಗೆಯ ಅಥವಾ ಮುರಕಲ್ಲಿನ ಗೋಡೆ ಹುಡುಕಿ. ಎದುರಿಗೆ ನೇರವಾಗಿ ನಿಂತು ಅತಿ ವೈಡ್ ತುದಿಯಲ್ಲಿ, ಒಮ್ಮೆ ಅಪರ್ಚರ್ ಪೂರ್ತಿ ತೆರೆದು, ಒಮ್ಮೆ ಎಫ್ 8ರಲ್ಲಿ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ನಾಲ್ಕೂ ಮೂಲೆಯ ಕಲ್ಲಿನ ಸಂದುಗಳನ್ನು ಹೋಲಿಸಿ. ನಾಲ್ಕೂ ಒಂದೇ ಥರ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ. ಎಡ ಮೂಲೆಗಳು ಸ್ಪಷ್ಟ, ಬಲ ಮೂಲೆಗಳು ಎಫ್ 8ರಲ್ಲೂ ಮಸುಕು ಎಂದಾದರೆ ಒಳಗಿನ ಗಾಜು ಓರೆಯಾಗಿದೆ, ಎಲ್ಲೋ ಬಿದ್ದಿರುವ ಲೆನ್ಸೂ ಇರಬಹುದು. ನಿಕಾನ್‌ನವರು ಸ್ವಂತ ಬಾಡಿಯನ್ನೇ ಒಯ್ದು ಹಾಕಿ ನೋಡಿ, ಮಾರುವವರ ಬಾಡಿಯಲ್ಲಿ ಫೋಕಸ್ ಆದದ್ದು ನಿಮ್ಮದರಲ್ಲಿ ಆಗಬೇಕೆಂದಿಲ್ಲ. ಸ್ಟೆಬಿಲೈಸೇಷನ್ ಇದ್ದರೆ ಶಟರ್ ಬಟನ್ ಅರ್ಧ ಒತ್ತಿ ಕಿವಿಗೊಡಿ. ಸಣ್ಣ ಗುಂಯ್ ಸದ್ದು ಬಂದರೆ ಸರಿ, ಕಟಕಟ ಎಂದು ಚಿತ್ರ ಹಾರಿದರೆ ಬೇಡ. ಹೊಸದೇ ಕೊಳ್ಳುವುದಾದರೆ ಭಾರತದ ವಾರಂಟಿ ಇರುವ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇವೆ ಎಂದವರ ಬಳಿ ಕೊಂಡರೆ, ಮೇಲೆ ಹೇಳಿದ ಗೋಡೆಯ ಪರೀಕ್ಷೆಯನ್ನು ಅಂಗಡಿ ಬಿಡುವ ಮುಂಚೆಯೇ ಮುಗಿಸಿ.